ಮಾವನ ಹೊಟ್ಟೆಯ ಒಕ್ಕಲು

ನನ್ನ ಸೋದರಮಾವನಷ್ಟು ಒಳ್ಳೆಯ ರೋಗಿ ಇಡೀ ಮಂಗಳೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಡಾಕ್ಟರು ಕರೆದ ಹೊತ್ತಿಗೆ ಹಾಜರು! ನಾಲಿಗೆ ಚಾಚಿ ಎಂದರೆ ಚಾಚುತ್ತಾರೆ, ಉಸಿರು ಎಳೆಯಿರಿ ಎಂದರೆ ಪಕ್ಕದ ಕೋಣೆಯ ಗಾಳಿಯನ್ನೂ ಸೇರಿಸಿ ಎಳೆಯುತ್ತಾರೆ. ಖಾರ ಬಿಡಿ ಎಂದರು, ಬಿಟ್ಟರು. ಬೀಡಿ ಬಿಡಿ ಎಂದರು, ಅದನ್ನೂ ಬಿಟ್ಟರು. ಅವರಲ್ಲಿ ಇದ್ದದ್ದು ಒಂದೇ ಒಂದು ಕೊರತೆ. ಗುಣ ಆಗುತ್ತಿರಲಿಲ್ಲ, ಅಷ್ಟೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ಮಾವನಿಗೆ ಪಂಪ್‌ವೆಲ್‌ನಲ್ಲಿ ಹೋಟೆಲು, ಉರ್ವದಲ್ಲಿ ಮನೆ. ಮನೆಯಲ್ಲಿ ಮಾವ, ಮಾಮಿ, ಮತ್ತು ಬ್ಯಾಂಕಿನ ಕೆಲಸ ಸಿಕ್ಕಿದ ನೆವದಲ್ಲಿ ಅಲ್ಲೇ ಬೀಡುಬಿಟ್ಟ ನಾನು. ಊರಿಗೆಲ್ಲ ಬನ್ಸು, ಗೋಳಿಬಜೆ ತಿನ್ನಿಸುವ ಮಾವ ಸ್ವತಃ ಸೇವಿಸುತ್ತಿದ್ದದ್ದು ಏನನ್ನು? ಹಾಲನ್ನು! ವಾಮಂಜೂರಿನಿಂದ ಹೋಟೆಲಿಗೆ ಬರುವ ಹಾಲಿನಲ್ಲಿ ಮೊದಲ ಲೋಟ ಮಾವನ ಹೊಟ್ಟೆಯ ಉರಿಗೆ. ಅದರ ಮೇಲೆ ಪುದೀನ ವಾಸನೆಯ ಬಿಳಿ ಮದ್ದು. ಒಮ್ಮೆ ಗಿರಾಕಿಯೊಬ್ಬರು, "ನಿಮ್ಮ ಹೋಟೆಲಿನ ತಿಂಡಿ ನೀವೇ ಯಾಕೆ ತಿನ್ನುವುದಿಲ್ಲ?" ಎಂದು ಕೇಳಿಬಿಟ್ಟರು. "ತಿಂದೇ ಹೀಗಾದದ್ದು. ನೀವು ಧೈರ್ಯದಲ್ಲಿ ತಿನ್ನಿ" ಎಂದರು ಮಾವ. ಇಂಥವರ ಹೋಟೆಲು ನಡೆಯುತ್ತಿದ್ದದ್ದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಹೊಟ್ಟೆಯಲ್ಲಿ ಹುಣ್ಣು ಎಂದು ಎಷ್ಟೋ ಡಾಕ್ಟರುಗಳು ಹೇಳಿಯಾಗಿತ್ತು. ಕೊನೆಗೆ ಹೊಸದಾಗಿ ಓದಿ ಬಂದ ಕೊಂಕಣಿ ಕ್ರಿಶ್ಚಿಯನ್ ತರುಣ ಡಾಕ್ಟರೊಬ್ಬರು ಬಾಯಿಯಿಂದ ಪೈಪು ಇಳಿಸಿ ನೋಡಿದರು. ಹೊಟ್ಟೆಯ ಒಳಗೋಡೆಯಿಂದ ಒಂದು ಚೂರು ಕಿತ್ತು ಹಳದಿ ದ್ರಾವಣದ ಸೀಸೆಗೆ ಹಾಕಿದರು. ನೋಡನೋಡುತ್ತಿದ್ದಂತೆ ಹಳದಿ ಹೋಗಿ ಕೆಂಪಾಯಿತು.

"ಕೆಂಪಾದರೆ ಕ್ರಿಮಿ ಉಂಟು ಅಂತ ಅರ್ಥ" ಎಂದರು ಡಾಕ್ಟರು. "ಹುಣ್ಣು ಅದರಿಂದಲೇ. ಚಿಕ್ಕಂದಿನಿಂದಲೂ ನಿಮ್ಮ ಹೊಟ್ಟೆಯಲ್ಲಿ ಕೂತಿರಬಹುದು."

"ಹಾಗಾದರೆ ಎಬ್ಬಿಸ್ಲಿಕ್ಕೆ ಆಗುವುದಿಲ್ಲ ಬಿಡಿ" ಎಂದರು ಮಾವ. "ಭೂಮಸೂದೆಯಲ್ಲಿ ನಮ್ಮ ಗದ್ದೆ ಪೂರಾ ಒಕ್ಕಲಿನವರಿಗೆ ಹೋಯ್ತು. ಈಗ ಹೊಟ್ಟೆಯೂ ತನ್ನದೇ ಅಂತ ಒಬ್ಬ ಡಿಕ್ಲರೇಶನ್ ಹಾಕಿದ್ದಾನಾ?"

ಡಾಕ್ಟರು ನಕ್ಕು ಮೂರು ಬಗೆಯ ಮದ್ದು ಬರೆದುಕೊಟ್ಟರು. ಒಂದು ಬಾಯಿಯೆಲ್ಲ ಕಹಿ ಮಾಡುವ ಮಾತ್ರೆ, ಒಂದು ಕ್ಯಾಪ್ಸೂಲು, ಇನ್ನೊಂದು ಬಿಸ್ಮತ್ ಎಂಬ ಲೋಹದ ಮಾತ್ರೆ. "ಇದರಿಂದ ನಾಲಿಗೆ ಕಪ್ಪಾಗ್ತದೆ, ಹೆದರಬೇಡಿ. ಆದರೆ ಒಂದು ಹೊತ್ತೂ ತಪ್ಪಿಸಬಾರದು" ಎಂದು ಎಚ್ಚರಿಸಿದರು.

ತಪ್ಪಿಸುವುದುಂಟೇ? ಮಾವ ಊಟ ಮುಗಿಸಿ ಮದ್ದಿನ ಡಬ್ಬಿ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದರು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಪವಾಡವೂ ನಡೆಯಿತು. ಬೆಳಗಿನಿಂದ ರಾತ್ರಿಯವರೆಗೆ ಬಾಯಿ ಮುಚ್ಚದ ಮಾಮಿ ಮಾತು ಕಡಿಮೆ ಮಾಡಿದರು. ಆಡಿದರೂ ಬಾಯಿಗೆ ಸೆರಗು ಅಡ್ಡ. ಗಂಡನ ಚಿಂತೆ ಇರಬೇಕು, ಪಾಪ ಎಂದುಕೊಂಡೆ. ನಿಜ ಹೇಳುವುದಾದರೆ ಮನೆ ತಣ್ಣಗಿದ್ದದ್ದು ನನಗೇನೂ ಬೇಸರ ತರಲಿಲ್ಲ.

ಮದ್ದು ಇನ್ನೇನು ಮುಗಿಯುತ್ತದೆ ಎನ್ನುವಾಗ ಆ ಬೆಳಗು ಬಂತು. ಹೋಟೆಲಿನಲ್ಲಿ ಜನವೋ ಜನ. ಬಸ್ಸಿನ ಕಂಡಕ್ಟರನಿಗೆ ಚಿಲ್ಲರೆ ಕೊಟ್ಟ ಮಾವ, "ಅಳಿಯನಿಗೆ ಒಂದು ಫೋನ್ ಮಾಡಿ" ಎಂದವರೇ ಗಲ್ಲಾದ ಹಿಂದೆ ಕುಸಿದರಂತೆ. ಕಾಫಿಪುಡಿಯ ಚರಟದಂತೆ ಕಪ್ಪಗೆ ವಾಂತಿ. ನಾನು ಸ್ಕೂಟರು ಓಡಿಸಿಕೊಂಡು ಆಸ್ಪತ್ರೆ ಮುಟ್ಟುವಾಗ ಅವರ ಮುಖ ಬಿಳಿಚಿಕೊಂಡಿತ್ತು, ಕೈಗೆ ರಕ್ತದ ಬಾಟಲಿ ಏರಿಸಿದ್ದರು.

ಸರ್ಜನರು ಮುಲಾಜಿಲ್ಲದ ಮನುಷ್ಯ. "ಹುಣ್ಣು ಒಡೆದು ರಕ್ತ ಹೋಗಿದೆ. ಸದ್ಯಕ್ಕೆ ನಿಂತಿದೆ, ಮುಂದಿನ ಸಲ ನಿಲ್ಲದೆ ಇರಬಹುದು. ಹೊಟ್ಟೆಯ ಒಂದು ಭಾಗ ತೆಗೀಬೇಕು. ಆದರೆ ಇವರಿಗೆ ಸಕ್ಕರೆ ಕಾಯಿಲೆ ಉಂಟು, ಹಾರ್ಟು ವೀಕ್ ಉಂಟು. ಟೇಬಲ್ ಮೇಲೆ ಎಂತ ಆಗ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ" ಎಂದರು. ಮಾಮಿ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡರು.

ತರುಣ ಡಾಕ್ಟರು ಸರ್ಜನರ ಹಿಂದೆ ಬಿದ್ದು ಒಂದೇ ಒಂದು ಅವಕಾಶ ಕೇಳಿಕೊಂಡರು. ಮದ್ದು ಬದಲಿಸಿ ನೋಡುವುದು, ಅದೂ ಸೋತರೆ ಕತ್ತಿ. ಆಮೇಲೆ ಮಾವನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು ಕೂತರು.

"ಸರಿಯಾದ ಮದ್ದು ಆರಿಸ್ಬೇಕಾದ್ರೆ ನನಗೆ ಸತ್ಯ ಬೇಕು. ಆ ಕಹಿ ಮಾತ್ರೆ ಮೊದಲು ಯಾವಾಗ್ಲಾದ್ರೂ ತಿಂದಿದ್ದೀರಾ?"

"ಹೋಟೆಲಿನವ ಅಲ್ವಾ ಡಾಕ್ಟ್ರೇ, ಹೊಟ್ಟೆ ಲೂಸ್ ಆದಾಗೆಲ್ಲ ಒಂದು ನುಂಗುವುದು. ಮೆಡಿಕಲಿನವ ನನ್ನ ಮುಖ ನೋಡಿದ ಕೂಡ್ಲೇ ಕೊಡ್ತಾನೆ."

"ಒಂದೇ ಒಂದಾ?"

"ಒಂದರಲ್ಲಿ ನಿಂತರೆ ಎರಡನೆಯದು ಯಾಕೆ ಮಾರಾಯ್ರೇ?"

"ಎಷ್ಟು ವರ್ಷದಿಂದ?"

"ಹೋಟೆಲು ಶುರುವಾದಲ್ಲಿಂದ."

ಡಾಕ್ಟರು ಹಣೆ ಚಚ್ಚಿಕೊಂಡರು. "ಹಾಗಾದರೆ ಕ್ರಿಮಿಗೆ ಅದು ಅಭ್ಯಾಸ ಆಗಿದೆ. ಆ ಮಾತ್ರೆ ಇನ್ನು ಬೇಡ. ಆ ಕ್ಯಾಪ್ಸೂಲು? ಪೂರ್ತಿ ತಿಂದೂ ಗುಣ ಆಗದಿದ್ದರೆ ಅದನ್ನೂ ಬಿಡ್ಬೇಕು. ಸರಿಯಾಗಿ ತಿನ್ನದೆ ಹೀಗಾದದ್ದಾದರೆ ಬೇರೆ ಲೆಕ್ಕ. ಹೇಳಿ, ಪೂರ್ತಿ ತಿಂದಿರಾ?"

ಮಾವ ಕಿಟಕಿಯ ಕಡೆಗೆ ನೋಡಿದರು. "ತಿಂದಿದ್ದೇನೆ. ಬೇಕಾದ್ರೆ ಸಾಕ್ಷಿ ನೋಡಿ" ಎಂದು ನಾಲಿಗೆ ಚಾಚಿದರು. ಕಪ್ಪಗೇ ಇತ್ತು.

"ಆದರೂ ನನಗೆ ಯಾಕೋ ನಂಬ್ಲಿಕ್ಕೆ ಕಷ್ಟ ಆಗ್ತದೆ" ಎಂದರು ಡಾಕ್ಟರು.

ಅಷ್ಟು ಸಾಕಾಯಿತು! ಇಷ್ಟು ದಿನ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೇ ನುಗ್ಗಿದಂತೆ ಮಾಮಿ ಸೆರಗು ಕೊಡವಿ ಎದ್ದರು. "ಎಂತ ಡಾಕ್ಟ್ರೇ, ಇವರು ಸುಳ್ಳು ಹೇಳ್ತಾರಾ? ನನ್ನ ಕಣ್ಣೆದುರೇ ತಿಂದಿದ್ದಾರೆ! ಒಂದು ಹೊತ್ತು ತಪ್ಪಿಸ್ಲಿಲ್ಲ ನಾವು!"

ಡಾಕ್ಟರು ಮಾತು ಕೇಳುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ನಾನೂ ನೋಡಿದೆ. ನೇರಳೆಹಣ್ಣು ತಿಂದ ಮಗುವಿನ ಹಾಗೆ ಮಾಮಿಯ ನಾಲಿಗೆ ಕಪ್ಪೋ ಕಪ್ಪು!

"ಅಮ್ಮಾ, ನೀವು ಯಾಕೆ ತಿಂದಿರಿ?"

"ನೀವೇ ಅಲ್ವಾ ಹೇಳಿ ಕಳಿಸಿದ್ದು? ಈ ಕ್ರಿಮಿ ಹೆಂಡತಿಗೂ ದಾಟ್ತದೆ, ಇಬ್ಬರೂ ಸಮಸಮ ಹಂಚಿ ತಿನ್ನಬೇಕು ಅಂತ?"

"ನಾನಾ!"

ನಾವು ಮೂವರೂ ಮಾವನ ಕಡೆಗೆ ತಿರುಗಿದೆವು. ಅವರು ಮೆಲ್ಲನೆ ಕಣ್ಣು ಮುಚ್ಚಿದರು. "ನನಗೆ ತುಂಬಾ ಸುಸ್ತಾಗ್ತಾ ಉಂಟು" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಮಾವಾ, ನಿಮಗೆ ಬುದ್ಧಿ ಉಂಟಾ? ಹಂಚಿ ಕುಡಿಯಲಿಕ್ಕೆ ಇದೇನು ಬೈ-ಟೂ ಚಾಯವಾ?" ಎಂದು ಆಸ್ಪತ್ರೆ ಎನ್ನುವುದನ್ನೂ ಮರೆತು ಕೂಗಿದೆ. ನರ್ಸ್ ಒಬ್ಬರು ಬಂದು ನನ್ನನ್ನು ಗದರಿಸಿದರು. ಡಾಕ್ಟರು ಮಾತ್ರ ಕೂಗಲಿಲ್ಲ. ಅರ್ಧರ್ಧ ಮದ್ದಿಗೆ ಎರಡೂ ಹೊಟ್ಟೆಯ ಕ್ರಿಮಿ ಸಾಯದೆ ಇನ್ನಷ್ಟು ಗಟ್ಟಿಯಾಗಿರಬಹುದು, ಈಗ ತನ್ನ ಕೈಯಲ್ಲಿ ಉಳಿದದ್ದು ಕಡಿಮೆ ಎಂದರು. ಮಾಮಿಗೂ ಉರಿ ಉಂಟೋ ಎಂದು ಕೇಳಿದರು. "ಗ್ಯಾಸು, ಅಷ್ಟೆ" ಎಂದರು ಮಾಮಿ. ಪೈಪಿನ ಹೆಸರೆತ್ತಿದ್ದೇ ತಡ, ಬಾಗಿಲಿನ ಹತ್ತಿರ ಹೋಗಿ ನಿಂತರು. ಕೊನೆಗೆ ಡಾಕ್ಟರು ಕಹಿ ಮಾತ್ರೆಯನ್ನೂ ಹಳೆಯ ಕ್ಯಾಪ್ಸೂಲನ್ನೂ ಹೊಡೆದುಹಾಕಿ, ಟೆಟ್ರಾಸೈಕ್ಲಿನ್ ಮತ್ತು ಅದಕ್ಕೆ ಜೊತೆಯಾಗಿ ಬೇರೊಂದನ್ನು ಬರೆದರು. ಬಿಸ್ಮತ್ ಮಾತ್ರ ಮುಂದುವರಿಯಿತು. ಎಲ್ಲವೂ ಇಬ್ಬರಿಗೂ ಬೇರೆಬೇರೆ, ಪೂರ್ತಿ ಪೂರ್ತಿ.

"ಮತ್ತೆ ಹಾಲು ಬಂದ್. ಹಾಲಿನ ಜೊತೆ ಹೋದರೆ ಈ ಮದ್ದು ಮೈಗೆ ಹತ್ತುವುದಿಲ್ಲ."

"ಹಾಲು ಬಿಟ್ಟು ನಾನು ಬದುಕುವುದು ಹೇಗೆ ಡಾಕ್ಟ್ರೇ?"

"ಬದುಕ್ಲಿಕ್ಕೇ ಬಿಡ್ಲಿಕ್ಕೆ ಹೇಳುವುದು."

ಆಮೇಲಿನ ದಿನಗಳಲ್ಲಿ ನನಗೆ ಬ್ಯಾಂಕಿಗಿಂತ ಮನೆಯಲ್ಲೇ ಕೆಲಸ ಜಾಸ್ತಿ. ಇಬ್ಬರನ್ನೂ ಎದುರಿಗೆ ಕೂರಿಸಿ, ಮದ್ದು ನುಂಗಿದ ಮೇಲೆ ಬಾಯಿ ತೆರೆಸಿ ನೋಡುವ ಕೆಲಸ ನನ್ನದು. ಮಲ ಕಪ್ಪಗೆ ಹೋದರೆ ಅದು ಮದ್ದಿನ ಕಪ್ಪೋ, ರಕ್ತದ ಕಪ್ಪೋ? ತಲೆ ತಿರುಗಿದರೆ ಓಡಿ ಬನ್ನಿ ಎಂದಿದ್ದರು ಡಾಕ್ಟರು. ದಿನಾ ಬೆಳಿಗ್ಗೆ ನಾನು ಕಕ್ಕಸಿನ ಬಾಗಿಲಲ್ಲಿ ನಿಂತು, "ಮಾವಾ, ತಲೆ ತಿರುಗ್ತದಾ?" ಎಂದು ಕೂಗುವುದು. "ನೀನು ಹೀಗೆ ಕಾವಲು ನಿಂತರೆ ತಿರುಗದ ತಲೆಯೂ ತಿರುಗ್ತದೆ ಮಾರಾಯ!" ಎಂದು ಒಳಗಿನಿಂದ ಉತ್ತರ. ಆ ಉತ್ತರ ಸ್ವಲ್ಪ ತಡವಾದರೆ ನಾನು ಬಾಗಿಲು ಬಡಿಯುತ್ತಿದ್ದೆ.

ಮದ್ದು ಮುಗಿದು ತಿಂಗಳ ಮೇಲೆ ಇಬ್ಬರಿಗೂ ಪೈಪಿನ ಪರೀಕ್ಷೆ. ಮಾಮಿ ಬಿಲ್‌ಕುಲ್ ಒಪ್ಪಲಿಲ್ಲ. "ನೀನು ಪೈಪು ನುಂಗದಿದ್ದರೆ ನಾನೂ ನುಂಗುವುದಿಲ್ಲ. ಸರ್ಜನರು ಕೊಯ್ಯಲಿ" ಎಂದು ಮಾವ ಚಾಪೆ ಹಾಸಿ ಮಲಗಿಬಿಟ್ಟರು! ಮಾಮಿ ಅಳುತ್ತಾ ಸೀರೆ ಬದಲಿಸಿ ಹೊರಟರು.

ಮೊದಲು ಮಾವನದ್ದು ಆಯಿತು. ನಾನು ಸೀಸೆಯಿಂದ ಕಣ್ಣು ಕೀಳಲಿಲ್ಲ. ಹಳದಿ ಹಳದಿಯಾಗಿಯೇ ಉಳಿಯಿತು. ಡಾಕ್ಟರು ಮತ್ತೊಮ್ಮೆ ಬಂದು ನೋಡಿ, ಹುಣ್ಣೂ ಮಾಯ್ದಿದೆ, ಸರ್ಜನರ ಅಗತ್ಯ ಇಲ್ಲ ಎಂದರು. ಕುಣಿಯುವುದೊಂದು ಬಾಕಿ ನನಗೆ! ಓಡಿಬಂದು, "ಮಾವಾ, ಒಕ್ಕಲು ಎದ್ದ!" ಎಂದೆ.

ಮಾವ ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮಾಮಿ ಒಳಗೆ ಹೋದ ಬಾಗಿಲನ್ನೇ ನೋಡುತ್ತಿದ್ದರು.

"ಎಷ್ಟು ವರ್ಷದಿಂದ ಹೊಟ್ಟೆ ಹಿಡ್ಕೊಂಡು ಕೂರ್ತಿದ್ದಳು ಗೊತ್ತುಂಟಾ ನಿನಗೆ?" ಎಂದರು. "ಅವಳ ಅಕ್ಕ ಇದೇ ನೋವಿಗೆ ಆಪರೇಶನಿಗೆ ಹೋದವಳು ತಿರುಗಿ ಬರಲಿಲ್ಲ. ಆಮೇಲೆ ಇವಳು ತನ್ನ ನೋವಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಕಾಲು ಹಿಡಿದರೂ ಬರಲಿಲ್ಲ ಅಳಿಯಾ. ನನಗೆ ಕ್ರಿಮಿ ಉಂಟು ಅಂತ ಡಾಕ್ಟ್ರು ಹೇಳಿದ ದಿವಸ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ... ಅಂತೂ ಅವಳ ಬಾಯಿಗೆ ಮದ್ದು ಹಾಕ್ಲಿಕ್ಕೆ ಒಂದು ದಾರಿ ಸಿಕ್ಕಿತು."

ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ.

ಬಹಳ ಹೊತ್ತಿನ ಮೇಲೆ ಡಾಕ್ಟರು ಮಾಮಿಯ ಸೀಸೆಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಮಾವನ ಕಣ್ಣೆದುರು ಎತ್ತಿ ತೋರಿಸಿದರು. ಹಳದಿ! ಎಲ್ಲ ಮಾತಿಗೂ ಒಂದು ಉತ್ತರ ಇಟ್ಟುಕೊಂಡಿದ್ದ ನನ್ನ ಮಾವ ಆ ತರುಣನ ಎರಡೂ ಕೈ ಹಿಡಿದುಕೊಂಡು, ಅಷ್ಟು ಜನರ ಎದುರು ಮಗುವಿನಂತೆ ಅತ್ತುಬಿಟ್ಟರು.

ಗಂಟಲು ನೇವರಿಸಿಕೊಳ್ಳುತ್ತಾ ಹೊರಗೆ ಬಂದ ಮಾಮಿ ಗಾಬರಿಬಿದ್ದರು. "ಎಂತಾಯ್ತು ಇವರಿಗೆ? ಪುನಃ ನೋವುಂಟಾ?"

"ಇಲ್ಲ ಮಾರಾಯ್ತಿ" ಎಂದರು ಮಾವ ಕಣ್ಣೊರೆಸಿಕೊಂಡು. "ಎಲ್ಲಿಯೂ ಇಲ್ಲ."