ಮೋಟಾರಿಗೆ ಪಂಕ್ತಿ ಊಟ

ಮೋಟಾರನ್ನು ಪಂಕ್ತಿಯಲ್ಲಿ ಕೂಡ್ರಿಸಿ ಬಡಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಬೆನ್ನಿಗೇ ಹುಟ್ಟಿದವಳು, ನೋಡದೆ ಎಲ್ಲಿಗೆ ಹೋಗಲಿ!

ಆಗ ಬೈಲಹೊಂಗಲದಲ್ಲಿ ಮೋಟಾರು ಅಂದರೆ ನಮ್ಮಣ್ಣನದೇ. ಬೆಳಗಾವಿಯ ಹತ್ತಿ ವ್ಯಾಪಾರಿಯೊಬ್ಬ ಓಡಿಸಿ ಬೇಸತ್ತು ಕೊಟ್ಟದ್ದು. ಶೋಕಿಗೆ ತಂದ ಅಂತ ಊರು ನಕ್ಕಿತು. ಶೋಕಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಚಕ್ಕಡಿಯಲ್ಲಿ ಕೂತರೆ ಜೀವ ಹೋಗುವಂಥ ನೋವು. ಅತ್ತ ರಾಮದುರ್ಗದಲ್ಲಿ ಅವಳ ಅವ್ವ ಹಾಸಿಗೆ ಹಿಡಿದು, "ಒಮ್ಮೆ ಮಗಳ ಮಾರಿ ತೋರಸ್ರಿ" ಅಂತ ಹೇಳಿ ಕಳಿಸುತ್ತಿದ್ದಳು. ಅದಕ್ಕೇ ಈ ಮೋಟಾರು.

ಹೊರಡುವ ಮುಂಜಾನೆ ಅಣ್ಣ ಅದರ ಹೊಟ್ಟೆ ಬಿಚ್ಚಿ ನಿಂತ. ಒಳಗೆ ಸಾಲಾಗಿ ನಾಲ್ಕು ಸಿಲಿಂಡರು. ಅವಕ್ಕೆ ಕಿಡಿ ಹಂಚಲಿಕ್ಕೆ ಡಿಸ್ಟ್ರಿಬ್ಯೂಟರ್ ಅಂತ ಒಂದು ಡಬ್ಬಿ.

"ನೋಡ ತಂಗಿ, ಎಂಥಾ ಅನ್ಯಾಯ! ಒಂದನೇದಕ್ಕ ಕೊಟ್ಟು, ಎರಡನೇದನ್ನ ಹಾರಿಸಿ, ಮೂರನೇದಕ್ಕ ಕೊಡತೈತಿ. ಆಮ್ಯಾಲೆ ನಾಕನೇದು. ಎರಡನೇದಕ್ಕ ಕಡೀಕ! ಪಂಕ್ತ್ಯಾಗ ಕುಂತವನ್ನ ಹಿಂಗ ಬಿಟ್ಟು ನೀಡಿದ್ರ ಎದ್ದು ಹೋಗೂದಿಲ್ಲೇನು?"

"ಏನ್ರೀ, ಅದು ಲಗ್ನದ ಊಟ ಅಲ್ರಿ," ಅಂದಳು ವೈನಿ ಕಟ್ಟೆಯ ಮೇಲಿಂದ. "ಇದ್ದಂಗ ಇರಲಿ."

"ನೀ ಸುಮ್ನಿರ! ನಮ್ಮ ಮನ್ಯಾಗ ಭೇದಭಾವ ನಡ್ಯಾಂಗಿಲ್ಲ!"

ಡಬ್ಬಿಯಿಂದ ಸಿಲಿಂಡರುಗಳಿಗೆ ಹೋದ ವೈರು ಕಿತ್ತು ಒಂದು, ಎರಡು, ಮೂರು, ನಾಲ್ಕು ಅಂತ ಸಿಕ್ಕಿಸಿದ. ಸಾಲದ್ದಕ್ಕೆ ಡಬ್ಬಿಯನ್ನೂ ತಿರುವಿದ. ಮೋಟಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿದ. ಢಂ! ಹಿಂದಿನ ಕೊಳವೆಯಿಂದ ಬೆಂಕಿ. ಕೋಳಿಗಳು ಮಾಳಿಗೆ ಏರಿದವು. ಎದುರು ಮನೆಯ ಮುದುಕ "ಗೋರಾ ಪಲ್ಟಣ ಬಂತು!" ಅಂತ ಬಿಳಿಯರ ದಂಡಿಗೆ ಹೆದರಿ ಬಾಗಿಲು ಹಾಕಿಕೊಂಡ. ಹ್ಯಾಂಡಲ್ ಕತ್ತೆಯಂತೆ ಒದ್ದು ಅಣ್ಣನ ಮುಂಗೈ ಬಾತಿತು.

"ನಿಮ್ಮ ಎರಡನೆಯವ ಹೊಟ್ಟಿ ತುಂಬ ಉಂಡ ನೋಡ್ರಿ!" ಅಂತ ವೈನಿ ಸೊಂಟ ಹಿಡಿದುಕೊಂಡು ನಕ್ಕಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, "ಅವ್ವನ್ನ ನೋಡೂದ ನನ್ನ ಹಣ್ಯಾಗಿಲ್ಲ, ಬಿಡ್ರಿ," ಅಂದಳು.

ಅಣ್ಣ ಬಾತ ಮುಂಗೈಗೆ ವಸ್ತ್ರ ಸುತ್ತಿಕೊಂಡ. ನನಗೆ ಹ್ಯಾಂಡಲ್ ಕೊಟ್ಟ. ನಾನು ಗಂಡನ ಮೇಲೆ ಸಿಟ್ಟು ಮಾಡಿ ತವರಿಗೆ ಬಂದವಳು, ಆ ಸಿಟ್ಟೆಲ್ಲ ಹಾಕಿ ತಿರುವಿದೆ. ಅವನು ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ, ಒಂದನೆಯ ಸಿಲಿಂಡರಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದ.

"ಗಾಳಿ ದೂಡಾಕತ್ತೈತಿ! ಇದಕ್ಕೀಗ ಹಸಿವು! ಸಾವಕಾಶ ತಿರುವು!"

ಬೆರಳು ತೆಗೆದು ತೂತಿನಲ್ಲಿ ಜೋಳದ ದಂಟು ಇಳಿಬಿಟ್ಟ. ಒಳಗಿನ ಪಿಸ್ಟನ್ ದೂಡಿದ ಹಾಗೆ ದಂಟು ಏರಿ ಏರಿ ತುದಿ ಮುಟ್ಟಿ ನಿಂತ ಕೂಡಲೇ, ಡಬ್ಬಿಯೊಳಗೆ ಕಿಡಿ ಹಂಚುವ ಮುಳ್ಳು ಒಂದನೆಯ ವೈರಿಗೆ ಎದುರಾಗುವಂತೆ ಡಬ್ಬಿ ಕೂಡಿಸಿದ. ಪ್ಲಗ್ಗು ತಿರುಗಿ ಹಾಕಿ, ಮಿಕ್ಕ ವೈರುಗಳನ್ನು ಮೊದಲಿನಂತೆ ಮೂರು, ನಾಲ್ಕು, ಎರಡು ಅಂತ ಜೋಡಿಸಿದ. ನಾನು ಹ್ಯಾಂಡಲ್ ತಿರುವಿದ್ದೇ ತಡ, ಮೋಟಾರು ಬೆಕ್ಕಿನ ಹಾಗೆ ಗುರುಗುಟ್ಟಿತು!

"ಹಸಿದವರಿಗೆ ಮೊದಲ ನೀಡಬೇಕು ಅಂತ ನಾ ಆಗಳೇ ಹೇಳಿದ್ದಿಲ್ಲೇನು?"

ಯಾವಾಗ ಹೇಳಿದ್ದನೋ, ಮಹಾರಾಯ!

ಸವದತ್ತಿ ದಾರಿಯಲ್ಲಿ ತಗ್ಗು ಕಂಡಲ್ಲೆಲ್ಲ ಇಳಿದು, ಕಲ್ಲು ತುಂಬಿ ದಾಟಿಸಿದ. ಕುರಿ ಹಿಂಡು ನಮ್ಮನ್ನು ಹಿಂದೆ ಹಾಕಿ ಹೋಯಿತು!

ರಾಮದುರ್ಗದಲ್ಲಿ ಮುದುಕಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದವಳು ಬಿಡಲೇ ಇಲ್ಲ. ಹೊತ್ತು ಇಳಿಯಿತು. "ಹೊರಡೂಣೇನ್ರಿ?" ಅಂದಳು ವೈನಿ, ದನಿಯಲ್ಲಿ ಜೀವವಿಲ್ಲದೆ. "ಹೂಂ," ಅಂತ ಅಣ್ಣ ಹೊರಗೆ ಹೋದ. ನಾನೂ ಗಂಟು ಹಿಡಿದು ಹಿಂದೆ ಹೋದೆ. ಅಣ್ಣ, ಚಂದಾಗಿ ಓಡಿ ಬಂದಿದ್ದ ಮೋಟಾರಿನ ಮುಚ್ಚಳ ಎತ್ತಿ, ಡಬ್ಬಿಗೆ ಕಿಡಿ ತರುವ ನಡುವಿನ ವೈರು ಕಿತ್ತು ಕೋಟಿನ ಕಿಸೆಗೆ ಹಾಕಿಕೊಂಡ. ನನ್ನನ್ನು ನೋಡಿ ಕಣ್ಣು ಕೆಕ್ಕರಿಸಿದ. ಒಳಗೆ ಬಂದು, "ಮೋಟಾರ ಕೆಟ್ಟೈತ್ರಿ," ಅಂದ.

"ಯಾವಾಗ ದುರಸ್ತ ಆಗತೈತಪ್ಪಾ?" ಅಂತ ಮುದುಕಿ ಕೇಳಿದಳು.

"ನೀವು 'ಹೋಗಿ ಬರ್ರಿ' ಅಂದ ದಿನ, ಅತ್ತಿ."