ಚೈನ್ ಬದಿ ಉಲ್ಟಾ

ಮಲ್ಕಾಜ್‌ಗಿರಿ ಸ್ಟೇಷನ್ ಹತ್ತಿರ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಹಳೇ ಸೈಕಲ್ ತಂದವರು ಅದರ ಜೊತೆ ನನ್ನ ಮರ್ಯಾದೆಯನ್ನೂ ಅಷ್ಟಿಷ್ಟು ಬಿಚ್ಚಿಸಿಯೇ ಹೋಗುತ್ತಾರೆ. ಪಂಕ್ಚರ್ ವಿಷಯದಲ್ಲಿ ನನ್ನನ್ನು ಯಾರೂ ಸೋಲಿಸಿಲ್ಲ. ತಕರಾರೆಲ್ಲ ಬಿ.ಬಿ. ಕಪ್ಪಿನದು. ಎರಡು ಪೆಡಲ್ ನಡುವಿನ ಕೊಳವೆಗೆ ಎರಡೂ ಬದಿ ಒಂದೊಂದು ಉಕ್ಕಿನ ಬಟ್ಟಲು ತಿರುಪಿ ಕೂರಿಸಿರುತ್ತಾರಲ್ಲ, ಅದು. ಅದರ ತಿರುಪಿನ ಗೆರೆಗೆ ನಾವು ಚೂಡಿ ಅನ್ನುತ್ತೇವೆ. ಈ ಚೂಡಿ ದೇಶಕ್ಕೊಂದು ತರಹ.

೧. ಉಸ್ತಾದರ ಪಾಠ

ಮದುವೆಯಾಗಿ ಬೀದರಿನಿಂದ ಬಂದು ಉಸ್ತಾದರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಉಸ್ತಾದರು ಒಂದು ಸೈಕಲ್ ಮಲಗಿಸಿ, "ಚೈನ್ ಬದಿ ಕಪ್ ಬಿಚ್ಚು" ಎಂದು ಹೇಳಿ ಎದುರಿನ ಇರಾನಿ ಹೋಟೆಲಿನಲ್ಲಿ ಹೋಗಿ ಕೂತರು. ಜಗತ್ತಿನ ಎಲ್ಲ ಬೋಲ್ಟುಗಳಂತೆ ಅದನ್ನೂ ಎಡಕ್ಕೆ ತಿರುಗಿಸಿದೆ. ಬನಿಯನ್ ಒದ್ದೆಯಾಯಿತೇ ಹೊರತು ಕಪ್ ಬರಲಿಲ್ಲ. ಎರಡನೇ ಚಹಾ ಮುಗಿಸಿ ಬಂದ ಉಸ್ತಾದರು ಬಲಕ್ಕೆ ಒಮ್ಮೆ ತಿರುಗಿಸಿ ಸಡಿಲಿಸಿದರು. "ಚೈನ್ ಬದಿ ಉಲ್ಟಾ. ನೆನಪಿಡು."

"ಮೊದಲೇ ಹೇಳಬಾರದಿತ್ತೇನ್ರಿ?"

"ಬಾಯಿಲೆ ಹೇಳಿದ್ರ ಮರೀತಿದ್ದಿ. ಈಗ ನಿನ್ನ ಭುಜ ನೆನಪಿಡ್ತದ."

ಭುಜ ಎಷ್ಟು ಚೆನ್ನಾಗಿ ನೆನಪಿಟ್ಟಿತೆಂದರೆ, ಎರಡು ದಿನ ನನ್ನ ತಲೆಯನ್ನು ಹೆಂಡತಿಯೇ ಬಾಚಿದಳು.

೨. ಸ್ವಿಸ್ ಸೈಕಲ್

ಮಿಯಾಪುರದ ಅಪಾರ್ಟ್‌ಮೆಂಟಿನಿಂದ ಒಬ್ಬ ಬಟ್ಟೆ ವ್ಯಾಪಾರಿ ಬರುತ್ತಾರೆ. ನಮ್ಮ ಕಲಬುರ್ಗಿ ಕಡೆಯವರು. ಹಳೇ ಸೈಕಲ್ ಕೂಡಿಸುವುದು ಅವರಿಗೊಂದು ಹುಚ್ಚು. ಅಳತೆಗೆ ವರ್ನಿಯರ್, ಓದಲಿಕ್ಕೆ ಮೊಬೈಲು. "ಇಂಗ್ಲೆಂಡಿಂದಾದ್ರ ಚೈನ್ ಬದಿ ಉಲ್ಟಾ. ಫ್ರಾನ್ಸ್, ಇಟಲಿದಾದ್ರ ಎರಡೂ ಬದಿ ಸೀದಾ" ಎಂದು ಒಮ್ಮೆ ನನಗೇ ಪಾಠ ಹೇಳಿದರು. ನಮ್ಮ ಉಸ್ತಾದರಿಗಿಂತ ಮೊಬೈಲಿಗೆ ಹೆಚ್ಚು ಗೊತ್ತೇ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ಅವರು ಗುಜರಿಯಲ್ಲಿ ಕೊಂಡ ಸೈಕಲಿನ ಕೊಳವೆ ಅಳೆದು ಕುಣಿದಾಡಿದರು. ಅಳತೆ ಆ ಮೂರು ದೇಶಗಳಲ್ಲಿ ಯಾವುದಕ್ಕೂ ಹೊಂದಲಿಲ್ಲವಂತೆ. "ಇದು ಸ್ವಿಸ್ ಇರಬೇಕ್ರೀ! ಭಾಳ ಅಪರೂಪದ್ದು!"

ನಾನು ಟಾರ್ಚ್ ಹಾಕಿ ನೋಡಿದೆ. ಸವೆದ ಚೂಡಿಯ ಮೇಲೆ ಯಾರೋ ಪೌಡರ್ ಡಬ್ಬಿಯ ತಗಡು ಕತ್ತರಿಸಿ ಸುತ್ತಿದ್ದರು. ತಗಡಿನ ಮೇಲೆ ಅರ್ಧ ಗುಲಾಬಿ ಹೂವೂ ಇತ್ತು. ತೆಗೆದು ಕೈಗೆ ಕೊಟ್ಟೆ. ಅವರಿಗೆ ಅಳು ಬರುವುದೊಂದು ಬಾಕಿ. "ಯಾವ ಹಲ್ಕಟ್ ಮಿಸ್ತ್ರಿ ಮಾಡಿದ್ದಿದು?"

"ಅಂಥವರನ್ನ ಬಿಡಬಾರದ್ರೀ" ಎಂದೆ. ಅದರ ಉಳಿದರ್ಧ ಗುಲಾಬಿ ನನ್ನ ಡ್ರಾದಲ್ಲಿ ಇನ್ನೂ ಇದೆ.

೩. ಕಡೀ ಡ್ಯೂಟಿ

ನಮ್ಮ ಓಣಿಯಲ್ಲೊಬ್ಬ ರೈಲ್ವೆ ಗಾರ್ಡ್ ಸಾಹೇಬರಿದ್ದಾರೆ, ಯಾದಗಿರಿಯವರು. ಒಂದು ಬೆಳಿಗ್ಗೆ ಬಹಳ ಹಳೆಯದೊಂದು ಸೈಕಲ್ ತಳ್ಳಿಕೊಂಡು ಬಂದರು. ಹೆಸರಿನ ಪಟ್ಟಿ ಎಂದೋ ಅಳಿಸಿತ್ತು. ಪೆಡಲ್ ತುಳಿದರೆ ಒಳಗೆ ಜೋಳ ಬೀಸಿದ ಸದ್ದು.

"ಡ್ಯೂಟಿಗೆ ಮೊದಲನೇ ದಿನ ಇದರ ಮ್ಯಾಲೇ ಹೋಗಿದ್ದೆ. ನಾಳೆ ರಿಟೈರ್ ಆಗಾಕತ್ತೀನಿ. ಕಡೀ ದಿನಾನೂ ಇದರ ಮ್ಯಾಲೇ ಹೋಗಬೇಕ್ರೀ" ಅಂದರು. ಹೇಳುವಾಗ ಅವರ ಕಣ್ಣು ತೇವವಾಗಿತ್ತು.

"ಸಂಜಿಗೇ ಒಯ್ರಿ" ಎಂದು ಮಾತು ಕೊಟ್ಟೆ.

ಕಪ್ ಬಿಚ್ಚಿ ಒಳಗಿನ ಬೇರಿಂಗ್ ಗೋಲಿ ಬದಲಾಯಿಸಬೇಕು, ಅಷ್ಟೇ. ಚೈನ್ ಬದಿ ಉಲ್ಟಾ. ಬಲಕ್ಕೆ ತಿರುಗಿಸಿದೆ. ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟೆ, ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಉದ್ದನೆಯ ಪೈಪು ಸೇರಿಸಿ ಜೋತುಬಿದ್ದೆ. ಸಾಹೇಬರು ಫ್ರೇಮ್ ಹಿಡಿದು ಕೂತರು. ಗಂಟೆ ಕಳೆದ ಮೇಲೆ "ಕದಲ್ತು, ಕದಲ್ತು!" ಎಂದು ಕೂಗಿದರು. ಆ ಖುಷಿಗೆ ಇಬ್ಬರೂ ಚಹಾ ಕುಡಿದೆವು. ಮತ್ತೆ ಜೋತುಬಿದ್ದಾಗ ಇನ್ನೊಂದಿಷ್ಟು ಕದಲಿತು. ಮತ್ತೊಂದು ಚಹಾ. ಆಮೇಲೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಬೆಳಿಗ್ಗೆ ಅಂಗಡಿಗೆ ಕಸ ಹೊಡೆಯಲು ಬಂದಾಗ ಅವಳು ಆ ಸೈಕಲ್ ನೋಡಿದ್ದಳು. ಈಗ ಬಗ್ಗಿ ಇನ್ನೊಮ್ಮೆ ನೋಡಿದಳು.

"ರೀ, ಮುಂಜಾನೆ ಇದರ ಎರಡು ಚೂಡಿ ಹೊರಗ ಕಾಣಾಕತ್ತಿದ್ವು. ಈಗ ಒಂದೂ ಕಾಣವಲ್ವು. ನೀವು ಇದನ್ನ ಬಿಚ್ಚಾಕತ್ತೀರೋ, ಹಾಕಾಕತ್ತೀರೋ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಪಾನಾದ ಮುಖ ನೋಡಿದೆ. ಫ್ರಾನ್ಸ್, ಇಟಲಿಯ ಪಾಠ ಆಗ ಕಿವಿಗೆ ಬಿತ್ತು. ಎಡಕ್ಕೆ ತಿರುಗಿಸಿ ಮೂವರೂ ಜೋತುಬಿದ್ದಾಗ ಕಪ್ ಕಟ್ ಎಂದು ಬಿಟ್ಟುಕೊಂಡಿತು. ಸಂಜೆಯೊಳಗೆ ಹೊಸ ಗೋಲಿ ಕೂತವು.

ಮರುದಿನ ಸಂಜೆ ಸಾಹೇಬರು ಅದೇ ಸೈಕಲ್ ಮೇಲೆ ಬಂದರು. ಅವರಿಗೆ ಹಾಕಿದ ಹಾರ ಹ್ಯಾಂಡಲಿಗಿತ್ತು. ಸದ್ದಿಲ್ಲದೆ ಉರುಳುವ ಗಾಡಿ ನೋಡಿ ನನಗೂ ಎದೆ ತುಂಬಿತು.

"ಸ್ಟೇಷನ್ ಮಂದಿಯೆಲ್ಲ ಯಾರು ರಿಪೇರಿ ಮಾಡಿದ್ರು ಅಂತ ಕೇಳಿದ್ರು. ಇದ್ದದ್ದು ಇದ್ದಂಗ ಹೇಳೇನಿ. ನಾಕು ಮಂದಿ ತಮ್ಮ ಹಳೇ ಸೈಕಲ್ ತರ್ತಾರಂತ."

"ಕಳಸ್ರಿ, ನಾಳೆ ಎಂಟಕ್ಕೇ ಅಂಗಡಿ ತೆಗೀತೀನಿ!"

"ಎಂಟಕ್ಕ ಬ್ಯಾಡ್ರಿ" ಎಂದರು ಸಾಹೇಬರು, ಮೆಲ್ಲಗೆ. "ಅಕ್ಕಾರು ಬುತ್ತಿ ತರೋದು ಎಷ್ಟೊತ್ತಿಗೆ ಅಂತ ಕೇಳ್ಯಾರ."