ನಾದಿನಿಯ ವಿಮಾನಕ್ಕೆ ನಾನು ಹಾಕಿದ ಲೆಕ್ಕ

ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮೇಷ್ಟ್ರು. ಅಕ್ಷಾಂಶ, ರೇಖಾಂಶಗಳನ್ನು ಹದಿನೆಂಟು ವರ್ಷ ಮಕ್ಕಳ ತಲೆಗೆ ತುಂಬಿದವನು. ಹಾಗಾಗಿ ದುಬೈಯಲ್ಲಿ ನರ್ಸಾಗಿದ್ದ ನಾದಿನಿ ಸುಮಿತ್ರಾಳನ್ನು ಕಲ್ಲಿಕೋಟೆ ವಿಮಾನ ನಿಲ್ದಾಣದಿಂದ ಗುಂಡ್ಲುಪೇಟೆಗೆ, ಅಂದರೆ ನನ್ನ ಮಾವನ ಮನೆಗೆ, ಕರೆತರುವ ಹೊಣೆ ನನಗೇ ಬಂತು. ಅಂದೇ ಸಂಜೆ ನಾಲ್ಕಕ್ಕೆ ಉಡಿಗಾಲದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

ವಿಮಾನ ಬೆಳಗಿನ ನಾಲ್ಕಕ್ಕೆ ಹೊರಟು ಒಂಬತ್ತೂವರೆಗೆ ಇಳಿಯುತ್ತದೆ ಎಂದು ಸುಮಿತ್ರಾ ಫೋನ್ ಮಾಡಿದಳು. ನಾನು ಅಟ್ಲಾಸ್ ತೆರೆದು, ದಾರ ಹಿಡಿದು ದೂರ ಅಳೆದೆ. ನಾಲ್ಕು ಗಂಟೆಯ ಪ್ರಯಾಣ. ಇವಳು ಹೇಳಿದ್ದು ಐದೂವರೆ. ಉಳಿದ ಒಂದೂವರೆ ಗಂಟೆ ವಿಮಾನ ಎಲ್ಲಿ ಹೋಗಿ ಕೂರುತ್ತದೆ? ತುಂಬ ಯೋಚಿಸಿ, ನಡುವೆ ಎಲ್ಲೋ ತಿಂಡಿಗೆ ನಿಲ್ಲಿಸುತ್ತಾರೆ ಎಂದು ತೀರ್ಮಾನಿಸಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದೆ. ಆದರೆ ಟಿಕೆಟ್ ದುಬೈಯದು, ಆದ್ದರಿಂದ ಒಂಬತ್ತೂವರೆಯೂ ದುಬೈ ಗಡಿಯಾರದ್ದೇ ಎಂಬುದು ನನಗೆ ಥಟ್ಟನೆ ಹೊಳೆಯಿತು. ನಮ್ಮ ಗಡಿಯಾರ ಒಂದೂವರೆ ಗಂಟೆ ಮುಂದೆ. ಅಲ್ಲಿಗೆ ಇಳಿಯುವುದು ಹನ್ನೊಂದಕ್ಕೆ.

ಮಾವ ಮಾತ್ರ, "ವಸಿ ಮುಂಚೇನೆ ಓಗಿ ನಿಂತ್ಕಬುಡಿ ಮೇಷ್ಟ್ರೆ, ಕಾದ್ರೆ ಏನೂ ಕೆಡಕಿಲ್ಲ" ಅಂದರು. ಓದದ ಜೀವ ಎಂದು ಕನಿಕರದಿಂದ ನಕ್ಕೆ.

ಬಾಡಿಗೆ ಜೀಪಿನಲ್ಲಿ ಬಂಡೀಪುರ ದಾಟಿ, ಘಾಟಿ ಇಳಿದು, ಹನ್ನೊಂದಕ್ಕೆ ಸರಿಯಾಗಿ ತಲುಪಿದೆ. ಸುಮಿತ್ರಾ ಬರಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಕೊನೆಗೆ ವಿಚಾರಣೆಯ ಕಿಟಕಿಗೆ ಹೋದೆ. ವಿಮಾನ ಒಂಬತ್ತೂವರೆಗೇ ಇಳಿದಿದೆ ಎಂದಳು ಅಲ್ಲಿದ್ದ ಹುಡುಗಿ.

"ಯಾವ ಊರಿನ ಒಂಬತ್ತೂವರೆ?" ಎಂದು ಕೇಳಿದೆ.

ಆಕೆ ನನ್ನನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿ, ಹೊರಡುವ ಸಮಯ ಹೊರಟ ಊರಿನದು, ಇಳಿಯುವ ಸಮಯ ಇಳಿದ ಊರಿನದು ಎಂದು ಮಗುವಿಗೆ ಹೇಳುವಂತೆ ಹೇಳಿದಳು. ತಿಂಡಿಗೆ ನಿಂತಿದ್ದ ವಿಮಾನ ನನ್ನ ತಲೆಯೊಳಗಿಂದ ಆಗ ಮೇಲೆದ್ದಿತು. ಸೇರಿಸಬೇಕಾದ ಒಂದೂವರೆ ಗಂಟೆಯನ್ನು ಅವರೇ ಸೇರಿಸಿದ್ದರು. ನಾನು ಮತ್ತೊಮ್ಮೆ ಸೇರಿಸಿದ್ದೆ.

ಸುಮಿತ್ರಾ ಎಲ್ಲಿ? ಮೂರು ಗಂಟೆಗೆ ಬೂತಿನಿಂದ ಮಾವನ ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಸುಮಿತ್ರಾಳೇ. ಒಂದು ಗಂಟೆ ಕಾದು, ಸುಲ್ತಾನ್ ಬತ್ತೇರಿಯ ಸಂಸಾರವೊಂದರ ಜತೆ ಟ್ಯಾಕ್ಸಿ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಬಂದಿದ್ದಳು.

"ದಾರೀಲಿ ನಿಮ್ಮ ಜೀಪು ಎದುರಿಗೇ ಬಂತು ಬಾವ. ಕೈ ಬೀಸಿದೆ. ನೀವು ವಾಚ್ ನೋಡ್ಕೊಂಡು ನಗ್ತಿದ್ರಿ."

ನಾನು ಗುಂಡ್ಲುಪೇಟೆ ಸೇರುವಾಗ ದೀಪ ಹಚ್ಚಿದ್ದರು. ಗಂಡಿನ ಕಡೆಯವರು ಬಂದು, ಒಪ್ಪಿ, ಉಪ್ಪಿಟ್ಟು ತಿಂದು ಹೋಗಿಯಾಗಿತ್ತು. ನನಗೆ ಪಾತ್ರೆಯ ತಳಕ್ಕೆ ಹತ್ತಿದ ಸೀಕು ಉಳಿದಿತ್ತು. ಹೆಂಡತಿ ಅದನ್ನು ಕೆರೆದು ಬಡಿಸಿ ಒಳಗೆ ಹೋದಳು.

ಮದುವೆಗೆ ಮಾವ ಕೆಲಸ ಹಂಚಿದರು. ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಲು ಪಕ್ಕದ ಮನೆಯವರನ್ನು ನೇಮಿಸಿದರು. ನನಗೆ ಕೊಟ್ಟಿದ್ದು ಬಾಳೆಲೆ ಒರೆಸುವ ಕೆಲಸ. ಅದರಲ್ಲೂ ನಾನು ಎಲೆಯ ಬೆನ್ನನ್ನೇ ಒರೆಸುತ್ತಿದ್ದೇನೆಂದು ಅಡುಗೆಯವರು ಬಂದು ತಿದ್ದಿದರು.